ಕೊನೆಯ ಬೆಲ್ಟು ಎತ್ತ ಕಡೆಯಿಂದ

ಆರೇಳು ವರ್ಷದ ಹಿಂದಿನದನ್ನು ‘ಆ ಕಾಲ’ ಅಂದರೆ ನಮ್ಮವ್ವ ನಗುತ್ತಾಳೆ. ನಗಲಿ. ಬನಹಟ್ಟಿಯ ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಊಟ ಮರೆತು, ಎಲ್ಲೂ ಇಲ್ಲದ ಕಾರ್ಖಾನೆಗಾಗಿ ಕಿತ್ತಾಡಿದ ಆ ಬೇಸಿಗೆ ನನ್ನ ಮಟ್ಟಿಗೆ ಒಂದು ಕಾಲವೇ. ನಿಮ್ಮ ಮನೆಯಲ್ಲೂ ಅಂಥದೊಂದು ಕುರ್ಚಿ ಇದ್ದಿರಬೇಕು.

ಪವ್ಯಾ ನಮ್ಮ ಚಿಗವ್ವನ ಮಗ, ನನಗಿಂತ ಸ್ವಲ್ಪ ಸಣ್ಣವ. ಅವರಪ್ಪ, ಅಂದರೆ ನಮ್ಮ ಕಾಕಾ, ಸಮೀರವಾಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಸಾಲಿಗೆ ಸೂಟಿ ಬಿದ್ದದ್ದೇ ತಡ, ಪವ್ಯಾ ತನ್ನ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ ಕಾಕಾನ ಗಾಡಿ ಮೇಲೆ ಹೇರಿಕೊಂಡು ಬಂದ. ಜೂನ್‌ನಲ್ಲಿ ಅವನನ್ನು ಹಾಸ್ಟೆಲ್ಲಿಗೆ ಹಾಕುವುದು ಖಾತ್ರಿಯಾಗಿತ್ತು. ಕಂಪ್ಯೂಟರನ್ನು ಅವನ ಅಣ್ಣ ಒಯ್ಯುವವನಿದ್ದ. ಅಷ್ಟರೊಳಗೆ ಒಂದೇ ಒಂದು ಕಾರ್ಖಾನೆಯನ್ನು, ಅದಿರು ಅಗೆಯುವುದರಿಂದ ಹಿಡಿದು ಕೊನೆಯ ಯಂತ್ರ ತಿರುಗುವವರೆಗೆ, ಇಬ್ಬರೂ ಕೂಡಿ ಮುಗಿಸಬೇಕೆಂದು ಆಣೆ ಹಾಕಿಕೊಂಡೆವು.

ಕಂಪ್ಯೂಟರಿನಲ್ಲಿ ಕಾರ್ಖಾನೆ ಕಟ್ಟುವ ಅಂಥ ಆಟ ಅವನ ಹತ್ತಿರ ಎರಡಿದ್ದವು. ಎರಡರಲ್ಲೂ ನಾವೇ ಒಳಗೆ ನಿಂತಂತೆ. ಪರದೆಯ ಮೇಲೆ ನಮ್ಮ ಎರಡು ಕೈ ಮಾತ್ರ ಕಾಣುತ್ತವೆ. ಒಂದರಲ್ಲಿ ನೆಲವೆಲ್ಲ ಚೌಕ ಚೌಕ. ಯಂತ್ರವನ್ನು ಚೌಕಕ್ಕೆ ಸರಿಯಾಗಿ ಕೂರಿಸಬೇಕು, ಸಾಮಾನು ಸಾಗಿಸುವ ಬೆಲ್ಟನ್ನು ತುಂಡು ತುಂಡಾಗಿ ಹಾಸುತ್ತ ನಡೆಯಬೇಕು, ಗುಡ್ಡ ಅಡ್ಡ ಬಂದರೆ ಅಗೆಯಬೇಕು. ಇನ್ನೊಂದರಲ್ಲಿ ಇಲ್ಲೊಂದು ಕಂಬ, ಅಲ್ಲೊಂದು ಕಂಬ ನೆಟ್ಟರೆ ಸಾಕು, ಬೆಲ್ಟು ತಾನೇ ಬಾಗಿ, ಏರಿ, ಗಾಳಿಯಲ್ಲೇ ಹೋಗಿಬಿಡುತ್ತದೆ. ನನಗೆ ಮೊದಲನೆಯದು ಪ್ರಾಣ, ಅವನಿಗೆ ಎರಡನೆಯದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಖರೆ ಹೇಳಬೇಕೆಂದರೆ ನಾನು ಕಟ್ಟಿದ್ದು ನಮ್ಮ ಹಿತ್ತಲಿನ ಮಗ್ಗದ ಶೆಡ್ಡನ್ನೇ. ಗಂಜಿ ಹಾಕಿದ ನೂಲಿನ ವಾಸನೆಯಲ್ಲಿ, ಪವರ್‌ಲೂಮಿನ ಖಟಪಟದಲ್ಲಿ ಬೆಳೆದವಳಿಗೆ ಬೇರೆ ಕಾರ್ಖಾನೆ ಎಲ್ಲಿ ಗೊತ್ತು? ಯಂತ್ರ ಯಂತ್ರದ ನಡುವೆ ಓಣಿ ಬಿಡುತ್ತಿದ್ದೆ. ಬಾಗಿಲಿನಿಂದ ಒಳಗೆ ಬರಲು ಇನ್ನೂ ಅಗಲವಾದ ಹಾದಿ.

“ಇಷ್ಟ್ ಜಾಗಾ ಯಾಕ ಬಿಟ್ಟೀಬೇ?” ಅಂದ ಪವ್ಯಾ.

“ಬೀಮ್ ತರಾಕ ಹಾದಿ ಬ್ಯಾಡೇನೋ?”

ಬೀಮ್ ಅಂದರೆ ಮಗ್ಗಕ್ಕೆ ಹಾಸಿನ ನೂಲು ಸುತ್ತಿ ತರುವ ದಪ್ಪ ಉರುಳೆ, ಇಬ್ಬರು ಹೊರಬೇಕು. ಆಟದಲ್ಲಿ ಬೀಮೂ ಇರಲಿಲ್ಲ, ಹೊರುವವರೂ ಇರಲಿಲ್ಲ. ಪವ್ಯಾ ಕುರ್ಚಿಯಿಂದ ಜಾರಿ ಬೀಳುವ ಹಾಗೆ ನಕ್ಕ.

ಅವನದೇನು ಕಡಿಮೆಯೇ? ಅವರಪ್ಪನ ಕಾರ್ಖಾನೆಯಲ್ಲಿ ಕಬ್ಬು ಬೆಲ್ಟಿನ ಮೇಲೆ ಎತ್ತರಕ್ಕೆ ಹತ್ತಿ ಗಾಣಕ್ಕೆ ಬೀಳುವುದನ್ನು ನೋಡಿ ಬೆಳೆದವನು. ಎಲ್ಲವನ್ನೂ ಮೊದಲು ಆಕಾಶಕ್ಕೆ ಹತ್ತಿಸಿ ಆಮೇಲೆ ಕೆಳಗೆ ಸುರಿಯುತ್ತಿದ್ದ. ಒಂದು ದಿನ ನಡುವೆ ಎಲ್ಲೋ ಬೆಲ್ಟು ಕಟ್ಟಿಕೊಂಡಿತು. ಮಹಡಿ ಹತ್ತಿ ಇಳಿದು ಹುಡುಕಿದ್ದೇ ಹುಡುಕಿದ್ದು, ಒಂದರೊಳಗೊಂದು ಹೊಕ್ಕ ಬೆಲ್ಟುಗಳಲ್ಲಿ ತಪ್ಪು ಸಿಗಲೇ ಇಲ್ಲ. “ಓಣಿ ಇದ್ದಿದ್ರ ಕಾಣತಿತ್ತ್,” ಅಂದೆ. ಅವ ಮೌಸು ಕಸಿದುಕೊಂಡ.

ಕರೆಂಟು ಬೇರೆ ಹೇಳದೆ ಕೇಳದೆ ಹೋಗುತ್ತಿತ್ತು. ಮಗ್ಗ ನಿಂತು ಮನೆ ಗಪ್ಪಾದರೆ ನಮಗೆ ಜೀವ ಹೋದಂತೆ. ಅಂಗಳದಲ್ಲಿ ಶೇಂಗಾ-ಬೆಲ್ಲ ಮುಕ್ಕುತ್ತ, ಇದ್ದಿಲಿನಿಂದ ನೆಲದ ಮೇಲೆ ಬೆಲ್ಟು ಗೀಚುತ್ತ, ಕಾಲು ಕುಣಿಸುತ್ತ ಕೂರುತ್ತಿದ್ದೆವು. ಹಾಗೆ ಗೀಚುವಾಗಲೇ ರಾಜಿಯಾಯಿತು: ಆಡುವುದು ಅವನ ಕಂಬದ ಆಟ, ಅದರಲ್ಲಿ ಕೆಳಗಿನ ನೆಲ ನನ್ನದು. ಕೆಳಗೆ ಓಣಿ ಬಿಟ್ಟು ಯಂತ್ರ, ಮೇಲೆ ಅವನ ಬೆಲ್ಟು.

ಹಾಗೆ ಕಟ್ಟಿದ್ದು ಎಷ್ಟು ಛಲೋ ಆಗಿತ್ತೆಂದರೆ ಅವ್ವ ಕೂಡ ಕೈಯಲ್ಲಿನ ರೊಟ್ಟಿ ಹಿಟ್ಟು ಒರೆಸಿಕೊಳ್ಳುತ್ತ ಬಂದು ನಿಂತಳು. “ಇದು ಚಂದ ಆತ್ ನೋಡ್ರಿ. ಎಲ್ಲೀ ಕಸಾ ಅಲ್ಲೇ ಹೊಡೀಬಹುದು,” ಅಂದಳು.

ಅವ ಹೊರಡುವ ದಿನ ಬೆಳಿಗ್ಗೆ ಒಂದೇ ಬೆಲ್ಟು ಉಳಿದಿತ್ತು. ಅದನ್ನು ಕೂಡಿಸಿದರೆ ಕೊನೆಯ ಯಂತ್ರ ತಿರುಗಬೇಕು. ನಾನು ಓಣಿಯಲ್ಲಿ ನೇರ ತರೋಣ ಅಂದೆ. ಅವ ಮೇಲಿಂದಲೇ ಇಳಿಯಬೇಕು ಅಂದ.

“ಓಣಿ ತುಂಬಿದ್ರ ಅಡ್ಡಾಡೂದ್ ಹೆಂಗ್ ಅಂತ ನೀನ ಹೇಳ್ತಿದ್ದಿ, ಈಗ ನೀನ ತುಂಬಾಕತ್ತೀಯಲ್ಲ!”

“ಇದೊಂದ ಸಲ ಲೇ!”

“ನನ್ನ ಆಟ ಇದು!”

“ನನ್ನ ನೆಲ!”

ಇಬ್ಬರೂ ಮೌಸು ಹಿಡಿದು ಜಗ್ಗುವಾಗ ಹೊರಗೆ ಕಾಕಾನ ಗಾಡಿ ನಿಂತ ಸಪ್ಪಳ. “ಬಿಸಲ್ ಏರತೈತಿ, ನಡೀಲೇ,” ಅನ್ನುತ್ತ ಒಳಗೆ ಬಂದವರೇ ಪ್ಲಗ್ ಕಿತ್ತರು. “ಕಾಕಾ, ಒಂದ ನಿಮಿಷ್ರಿ!” ಅಂತ ನಾನು ಚೀರಿದ್ದು ಅವರ ಕಿವಿಗೆ ಆಟದ ಮಾತಾಗಿ ಕೇಳಿಸಿರಬೇಕು. ಪವ್ಯಾ ತಿರುಗಿ ನೋಡದೆ ಗಾಡಿ ಹತ್ತಿದ. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು. ಪವ್ಯಾ ಹಾಸ್ಟೆಲ್ಲಿಗೆ ಹೋಗುವ ಮೊದಲೇ ಅವನಣ್ಣ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದನೆಂದು ಆಮೇಲೆ ತಿಳಿಯಿತು. ಆ ಯಂತ್ರ ತಿರುಗಲೇ ಇಲ್ಲ.

ಈಗ ನನ್ನದೇ ಲ್ಯಾಪ್‌ಟಾಪ್ ಇದೆ. ಆಟವೂ ಬದಲಾಗಿದೆ, ಕಟ್ಟಿದ್ದನ್ನು ಹಾಗೇ ನಕಲು ಮಾಡಿ ಒಂದೇ ಸಲಕ್ಕೆ ಬೇಕಾದಲ್ಲಿ ಇಡಬಹುದು. ಒಬ್ಬಳೇ ಕೂತು ಒಂದು ಕಾರ್ಖಾನೆ ಮುಗಿಸಿಯೂ ಮುಗಿಸಿದೆ. ಕೊನೆಯ ಯಂತ್ರ ತಿರುಗಿತು. ಯಾರನ್ನು ಕರೆಯಬೇಕು ತಿಳಿಯದೆ ಸ್ವಲ್ಪ ಹೊತ್ತು ನೋಡಿ ಮುಚ್ಚಿಟ್ಟೆ.

ಮೊನ್ನೆ ಮಹಾಲಿಂಗಪುರದಲ್ಲಿ ಒಂದು ಮದುವೆಗೆ ಪವ್ಯಾ ಬಂದಿದ್ದ. ಡಿಪ್ಲೊಮಾ ಮಾಡುತ್ತಾನೆ, ಮೀಸೆ ಬಂದಿದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತಿದ್ದ. ಎಲೆ ಪೂರ್ತಿ ಬಡಿಸುವವರೆಗೂ ತಡೆಯಲಾಗದೆ ಕೆಣಕಿದೆ: “ಆ ಬೆಲ್ಟ್ ಓಣಿಯಾಗಿಂದನ ಬರಬೇಕಾಗಿತ್ತ್ ನೋಡ್.”

ಅವ ಒಂದು ಗಳಿಗೆ ನೆನಪಿಸಿಕೊಂಡ. ಆಮೇಲೆ ಸಮಾಧಾನವಾಗಿ ನಕ್ಕು ಹೇಳಿದ: “ಹೌದ್ ಅಕ್ಕಾರ, ನೀವು ಹೇಳಿದ್ದ ಬರೋಬ್ಬರಿ ಇತ್ರಿ.”

ಅಂತೂ ಗೆದ್ದೆ. ‘ಬಿಟ್ಟೀಬೇ’ ಅನ್ನುತ್ತಿದ್ದವ ಈಗ ‘ಇತ್ರಿ’ ಅಂದಿದ್ದ.