ಕಡಲ ಬೂದಿ ಮುಟ್ಟಿದ ಕೈ

ನಮ್ಮ ಭಾವನ ಬೆರಳ ತುದಿಗಳು ಸದಾ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಗೆಣ್ಣುಗಳಲ್ಲಿ ಚರ್ಮ ಒಡೆದು ರಕ್ತ ಜಿನುಗುತ್ತಿತ್ತು. ಮುಂಬೈಯಿಂದ ಮಸ್ಕಿಯ ನಮ್ಮ ಮನೆಗೆ ಬಂದರೆ ಮೊದಲು ಬಚ್ಚಲಿಗೇ ಹೋಗಿ, ಸೀಗೆಪುಡಿ ಹಚ್ಚಿ ಮೊಳಕೈವರೆಗೆ ತಿಕ್ಕುತ್ತಿದ್ದರು. ಲಿಂಗಪೂಜೆಗೆ ಇಷ್ಟು ಶುಚಿಯಾಗುವ ಅಳಿಯ ಊರಲ್ಲಿ ಇನ್ನೊಬ್ಬನಿಲ್ಲ ಎಂದು ಅಜ್ಜಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಬಾವಿಯಿಂದ ಕೊಡ ಹೊರುತ್ತಿದ್ದವಳು ನಾನು. ನನಗೆ ಆ ಭಕ್ತಿ ಅಷ್ಟೇನೂ ಹಿಡಿಸಲಿಲ್ಲ.

ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ. ದೂರದ ಸಾಗರದಲ್ಲಿ ಯಾರೋ ಅಣುಬಾಂಬು ಸಿಡಿಸಿದ್ದರು. ಅದರ ವಿಷ ನಮ್ಮ ಕಡಲಿಗೂ ಬಂದಿದೆಯೇ ಎಂದು ನೋಡುವುದು ಭಾವನ ನೌಕರಿ. ಸಮುದ್ರದಲ್ಲಿ ತೇಲುವ, ಕಣ್ಣಿಗೆ ಕಾಣದಂಥ ಜೀವಿಗಳನ್ನು ತೆಳು ಬಟ್ಟೆಯ ಬಲೆಯಲ್ಲಿ ಹಿಡಿದು, ಸುಟ್ಟು, ಬೂದಿಯನ್ನು ಯಂತ್ರದ ಕೆಳಗಿಡಬೇಕು. ವಿಷವಿದ್ದರೆ ಯಂತ್ರ ಟಕಟಕ ಎನ್ನುತ್ತದೆ. ಆ ಜೀವಿಗಳನ್ನು ಮೀನು ತಿನ್ನುತ್ತದೆ, ಮೀನನ್ನು ಮನುಷ್ಯರು, ಎಂದು ಭಾವ ಹೇಳುತ್ತಿದ್ದರು. ನಾವು ಮೀನು ಮುಟ್ಟದ ಮಂದಿ, ನಮಗೇನು ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಅಕ್ಕನಿಗೆ ನಮ್ಮಲ್ಲೇ ಬಾಣಂತನ. ಹೆಸರಿಡುವ ದಿನ ತಂದೆಯಾದವನು ಕೂಸಿನ ಹಣೆಗೆ ವಿಭೂತಿ ಹಚ್ಚುವುದು ನಮ್ಮ ಮನೆಯ ಪದ್ಧತಿ. ಭಾವ ವಿಭೂತಿಯಲ್ಲಿ ಬೆರಳಿಟ್ಟರು. ತೊಟ್ಟಿಲ ತನಕ ಹೋದ ಕೈ ಹಿಂದೆ ಬಂತು. ಎದ್ದು ಬಚ್ಚಲಿಗೆ ನಡೆದೇಬಿಟ್ಟರು. ಮಂದಿ ಪಿಸುಗುಟ್ಟಿದರು. ಅಜ್ಜಿಯ ಅಭಿಮಾನವೆಲ್ಲ ಒಂದೇ ಗಳಿಗೆಯಲ್ಲಿ ಇಳಿಯಿತು.

"ಹೆಣ್ಣು ಹುಟ್ಯಾದಂತ ಈಬತ್ತಿ ಹಚ್ಚಾಕೂ ಮನಸ್ಸಿಲ್ಲೇನಪಾ?" ಎಂದು ಅವಳು ಬಚ್ಚಲಿನತ್ತ ಕೂಗಿದಳು.

ನನಗೂ ಹಾಗೇ ಅನ್ನಿಸಿ ಮೈ ಉರಿಯಿತು. ಜಗಳಕ್ಕೆಂದೇ ಬಚ್ಚಲಿಗೆ ಹೋದೆ. ಅವರು ಒಡೆದ ಕೈಗಳನ್ನು ಇನ್ನೂ ತಿಕ್ಕುತ್ತಿದ್ದರು.

"ಯಂತ್ರ ಕೈ ಚೊಕ್ಕ ಅದಾವ ಅಂತದ," ಅಂದರು. "ನನಗ ನಂಬಿಕಿ ಬರವಲ್ದು. ಬೂದಿ ನೋಡಿದ್ರ ಜೀವ ಹಾರ್ತದ. ಕೂಸಿಗೆ ಏನರ ಆದ್ರ?"

ನನ್ನ ಸಿಟ್ಟು ಹೋಗಿ ಅದರ ಜಾಗದಲ್ಲಿ ಹೆದರಿಕೆ ಕೂತಿತು. ಅಷ್ಟರಲ್ಲಿ ಅಕ್ಕ ಕೂಸನ್ನು ಎತ್ತಿಕೊಂಡು ನನ್ನ ಹಿಂದೆ ಬಂದು ನಿಂತಿದ್ದಳು.

"ನಾ ಬಸರಿದ್ದಾಗ ಕಲಸಿ ತುತ್ತು ಮಾಡಿ ಉಣಿಸಿದ್ದು ಇದ ಕೈ," ಅಂದಳು. "ಅಂಜೂದಿದ್ರ ನಾ ಅಂಜಬೇಕು. ಹಿಡೀರಿ."

ಹಸಿ ಕೈಗಳಲ್ಲೇ ಭಾವ ಮಗಳನ್ನು ಹಿಡಿದರು. ಕೂಸು ಅಳಲಿಲ್ಲ, ಅವರೇ ಅತ್ತರು.

ಆ ಮಗಳು ಕಾಲೇಜು ಸೇರಿದ ವರ್ಷ ಭಾವ ತೀರಿಕೊಂಡರು. ಹೃದಯಾಘಾತ ಎಂದರು ಡಾಕ್ಟರು. ಅಕ್ಕ ಅಳುವುದನ್ನು ಬಿಟ್ಟು ಡಾಕ್ಟರ ಹಿಂದೆಯೇ ಬಾಗಿಲ ತನಕ ಹೋದಳು. ನಿಜವಾಗಿಯೂ ಎದೆಯದೇ ಅಲ್ಲವೇ, ಆ ಬೂದಿಯಿಂದ ಬಂದ ರಕ್ತದ ಕಾಯಿಲೆಯೇನೂ ಅಲ್ಲವಲ್ಲ, ಮಗಳಿಗೇನೂ ಆಗುವುದಿಲ್ಲವಲ್ಲ ಎಂದು ಮತ್ತೆ ಮತ್ತೆ ಕೇಳಿದಳು. ಅಷ್ಟು ವರ್ಷ ಅವಳೂ ಅಂಜಿಕೊಂಡೇ ಇದ್ದಳು. ಅಂದು ಕೂಸನ್ನು ಕೊಟ್ಟದ್ದೂ ಅಂಜಿಕೊಂಡೇ.