ತಾನೇ ಬೀಗ ಹಾಕಿಕೊಂಡ ಲ್ಯಾಪ್‌ಟಾಪ್

“ಅಕ್ಕಾ, ಈ ಲ್ಯಾಪ್‌ಟಾಪಿನ ಕೀ ನಿಮ್ಮವರ ಅಕೌಂಟಲ್ಲಿ ಉಂಟು. ಅವರ ಫೋನಿಗೆ ಒಂದು ಕೋಡ್ ಬರ್ತದೆ, ನೋಡಿ ಹೇಳಿ,” ಎಂದರು ಕುವೈತಿನ ಫರ್ವಾನಿಯಾದ ಕಂಪ್ಯೂಟರ್ ರಿಪೇರಿ ಅಂಗಡಿಯ ಮಂಗಳೂರಿನವರು.

ಯಾವ ಫೋನು? ನನ್ನ ಗಂಡ ತೀರಿಕೊಂಡ ಮೇಲೆ ಅವರ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ರದ್ದಾಯಿತು, ಅದರ ಹಿಂದೆಯೇ ಸಿಮ್ ಕೂಡ. ಇಲ್ಲಿ ಅದೇ ಪದ್ಧತಿ. ಉಳಿದದ್ದು ಈ ಲ್ಯಾಪ್‌ಟಾಪ್. ಒಳಗೆ ಮಗಳ ಹುಟ್ಟುಹಬ್ಬದ ವಿಡಿಯೊಗಳು, ಅವುಗಳ ತುಂಬ ಕ್ಯಾಮೆರಾ ಹಿಂದೆ ನಿಂತ ಅವರ ದನಿ. ಮೊನ್ನೆ ಅದು ತನ್ನಷ್ಟಕ್ಕೇ ಅಪ್‌ಡೇಟ್ ಆಗಿ, ಬೀಗ ಹಾಕಿಕೊಂಡು, ರಿಕವರಿ ಕೀ ಕೇಳುತ್ತ ಕೂತಿತು. ಬೀಗ ಹಾಕು ಎಂದು ನಾವ್ಯಾರೂ ಹೇಳಿರಲಿಲ್ಲ. ನಮ್ಮ ಸುರಕ್ಷತೆಗಂತೆ. ಯಾರಿಂದ, ನನ್ನಿಂದಲೇ?

ವಿಷಯ ತಿಳಿದು ಅಂಗಡಿಯವರ ಮುಖ ಸಣ್ಣದಾಯಿತು. “ಹಾಗಾದ್ರೆ ಖಲಾಸ್ ಅಕ್ಕಾ. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿದ್ರೆ ಹೊಸದರ ಹಾಗೆ ಓಡ್ತದೆ.”

ನಾನು ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕನ್ನಡದಲ್ಲಿ ಹೇಳಿದಳು: “ಬೇಡಮ್ಮಾ, ಪಪ್ಪ ಒಳಗಿದಾರೆ.”

ಅದೀಗ ಮನೆಯಲ್ಲಿ ನನ್ನ ಗಂಡನ ಮೇಜಿನ ಮೇಲಿದೆ. ತೆರೆಯುವುದಿಲ್ಲ ಎಂದು ಗೊತ್ತಿದ್ದರೂ, ಮಗಳು ಅದರ ಚಾರ್ಜ್ ಮುಗಿಯಲು ಬಿಡುವುದಿಲ್ಲ.