ಓಕ್ ಕಪಾಟಿನ ರಾಕ್ಷಸರಿಗೆ ಕುಂಕುಮ

೨೦೧೪ರ ಸುಮಾರಿಗೆ, ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಸಣ್ಣ ಮನೆಗೆ ಹೊರಟಾಗ ಅವರ ಹಳೆಯ ಓಕ್ ಕಪಾಟನ್ನು ನಾನು ಕೊಂಡೆ. ಮೇಲೆ ಚೂಪು ಕಮಾನು, ಬಾಗಿಲ ತುಂಬ ಕೆತ್ತಿದ ಬಳ್ಳಿ, ಎರಡು ಮೂಲೆಗೂ ನಾಲಿಗೆ ಚಾಚಿದ ರಾಕ್ಷಸರು. "ಹೆಣದ ಪೆಟಗಿ ಎದ್ದು ನಿಂತಂಗ ಅದ," ಅಂದರು ನನ್ನ ಗಂಡ, ಗೆಳೆಯನ ಯೂಟ್ ಗಾಡಿಯ ಹಿಂಬದಿಯಿಂದ ಅದನ್ನು ಇಳಿಸಿ ಸೊಂಟ ಹಿಡಿದುಕೊಂಡು.

ಮನೆಗೆ ಬಂದವರಿಗೆಲ್ಲ ನಾನು ಅದರ ಪುರಾಣ ಬಿಚ್ಚುತ್ತಿದ್ದೆ. ಇಂಗ್ಲೆಂಡಿನಲ್ಲಿ ಹಿಂದೆ ಕಪಾಟೆಂದರೆ ಹೆಚ್ಚಾಗಿ ಚರ್ಚಿನ ಸೊತ್ತು. ಪೂಜೆಯ ಬಟ್ಟಲು, ಗ್ರಂಥಗಳನ್ನು ಒಳಗಿಟ್ಟು ಬೀಗ ಹಾಕುತ್ತಿದ್ದರು. ಶತಮಾನಗಳ ಮೇಲೆ ವಿಕ್ಟೋರಿಯಾ ರಾಣಿಯ ಕಾಲದ ಸಾಹುಕಾರರಿಗೆ ಅದರ ಹುಚ್ಚು ಮತ್ತೆ ಹಿಡಿದು, ಚರ್ಚಿನ ಕಮಾನುಗಳನ್ನು ಊಟದ ಕೋಣೆಗೇ ತಂದರು. ನನ್ನದು ಅಂಥದೊಂದು ನಕಲು. ಅದರಲ್ಲಿ ನನ್ನ ವೈನ್ ಗ್ಲಾಸುಗಳಿದ್ದವು.

ಆಗ ಧಾರವಾಡದಿಂದ ಅತ್ತೆ ಬಂದರು, ನಮ್ಮ ಜೊತೆಯೇ ಇರಲೆಂದು. ಅವರ ದೇವರುಗಳಿಗೆ ನಾನು ತೋರಿಸಿದ ಜಾಗ ಮೈಕ್ರೋವೇವಿನ ತಲೆ. ಒಳಗೆ ನನ್ನ ಮೊಟ್ಟೆ ಪಲ್ಯ ಬಿಸಿಯಾಗುವಾಗ ಮೇಲೆ ಬಾಲಕೃಷ್ಣ ನಡುಗುತ್ತಿದ್ದ. ಅತ್ತೆ ಸೂಟ್‌ಕೇಸ್ ಬಿಚ್ಚಲೇ ಇಲ್ಲ. ದಿನಾ ಮಗನನ್ನು ಕೇಳುತ್ತಿದ್ದರು: "ಹಿಂದಕ ಹೋಗೋ ಟಿಕೀಟು ಯಾವಾಗ ತಗಸ್ತಿ?" ಗಂಡನ ಮುಖ ಬಾಡುತ್ತಿತ್ತು. ಅವರು ಇರಲಿ ಎಂದು ನನಗೂ ಇತ್ತು. ಹೋದರೆ ಅಪವಾದ ಬರುವುದು ನನ್ನ ಮೇಲೇ.

ಒಂದು ದಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದರೆ ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿತ್ತು. ಗ್ಲಾಸುಗಳೆಲ್ಲ ಕಪಾಟಿನಿಂದ ನೆಲಕ್ಕೆ ಇಳಿದಿದ್ದವು. ಕಪಾಟಿನೊಳಗೆ ದೇವರು, ದೀಪ, ಒಂದು ಹಿಡಿ ಊದುಬತ್ತಿ. ಬಳ್ಳಿಗಳಿಗೆ ಅರಿಶಿನ, ರಾಕ್ಷಸರ ಹಣೆಗೆ ಕುಂಕುಮ. ನನ್ನ ಪಿತ್ತ ನೆತ್ತಿಗೇರಿತು.

"ಅತ್ಯಾ, ಅವು ರಾಕ್ಷಸರ ಮುಖ!"

"ಬಾಗಲಾ ಕಾಯ್ತಾರ, ಪಾಪ. ಅವರನ್ನಷ್ಟ ಹೆಂಗ ಬಿಡ್ಲಿ?" ಅಲಾರಮ್ಮಿಗೆ ಟವೆಲಿನಿಂದ ಗಾಳಿ ಬೀಸುತ್ತ ಅತ್ತೆ ಅಂದರು. "ನೀನ ಹೇಳಿದ್ಯಲ್ಲಾ, ಇಂಥಾ ಕಪಾಟಿನಾಗ ಮೊದಲ ದೇವರ ಸಾಮಾನ ಇಡ್ತಿದ್ರು ಅಂತ?"

ಅಷ್ಟು ದಿನ ಜಂಬ ಕೊಚ್ಚಿದ್ದು ನಾನೇ. ಸಿಟ್ಟಿನ ಹಿಂದೆಯೇ ನಗು ಬಂತು. ಊದುಬತ್ತಿಯನ್ನು ಹೊರಗೆ ಮರದ ಜಗಲಿಯ ಮೇಲಿಟ್ಟೆ. ದೀಪಕ್ಕೆ ಕೈ ಹಚ್ಚಲಿಲ್ಲ.

ಮರುದಿನ ಅತ್ತೆ ಟಿಕೀಟಿನ ಮಾತೆತ್ತಲಿಲ್ಲ. ಸಂಜೆ ನೋಡಿದರೆ ಅವರ ಸೀರೆಗಳು ನನ್ನ ಬಟ್ಟೆಯ ಅಲಮಾರಿಗೆ ಏರಿದ್ದವು, ಖಾಲಿ ಸೂಟ್‌ಕೇಸ್ ಮಂಚದ ಕೆಳಗೆ ಹೋಗಿತ್ತು. ವೈನ್ ಗ್ಲಾಸುಗಳು ಮೈಕ್ರೋವೇವಿನ ಮೇಲೆ ಸಾಲಾಗಿ ನಿಂತಿದ್ದವು. ನಾನು ಮೊಟ್ಟೆ ಪಲ್ಯ ಬಿಸಿಗಿಟ್ಟೆ. ಗ್ಲಾಸುಗಳು ನಡುಗಿದವು.